ಯುದ್ಧದಲ್ಲಿ ಕಲಿತ ಬೆಳಕು

ಜಾಂ ಲುಕ್ ಗೊದಾರ್‌ನ ‘ಲ ಮೆಪ್ರಿ’ (1963) ಚಿತ್ರದಲ್ಲಿ ಕಲಾವಿದರ, ತಂತ್ರಜ್ಞರ ಹೆಸರುಗಳು ಅಕ್ಷರಗಳಾಗಿ ಸಾಲುಗಟ್ಟಿ ಬರುವುದಿಲ್ಲ. ಒಂದು ದನಿ ಅವನ್ನು ಓದಿ ಹೇಳುತ್ತದೆ. ಆ ಹೊತ್ತಿಗೆ ಪರದೆಯ ಮೇಲೆ, ರೋಮ್‌ನ ಚಿನೆಚಿಟ್ಟಾ ಸ್ಟುಡಿಯೋದ ಅಂಗಳದಲ್ಲಿ, ಪುಸ್ತಕ ಓದುತ್ತಾ ನಡೆದು ಬರುವ ಹೆಣ್ಣೊಬ್ಬಳ ಪಕ್ಕದಲ್ಲಿ ಹಳಿಯ ಮೇಲೆ ಕ್ಯಾಮೆರಾವೊಂದು ಉರುಳಿಕೊಂಡು ಬರುತ್ತಿರುತ್ತದೆ. ದೂರದಲ್ಲಿ ಚಿಕ್ಕದಾಗಿ ಕಂಡದ್ದು ಬರಬರುತ್ತಾ ಪರದೆಯನ್ನೆಲ್ಲ ತುಂಬುತ್ತದೆ. ಆಗ ಅದರ ಹಿಂದೆ ಕೂತ ಆಸಾಮಿ ಲೆನ್ಸನ್ನು ಮೆಲ್ಲಗೆ ತಿರುಗಿಸಿ, ಬಗ್ಗಿಸಿ, ಸೀದಾ ನಮ್ಮ ಮುಖಕ್ಕೇ ಹಿಡಿಯುತ್ತಾನೆ. ಆತನೇ ರಾವುಲ್ ಕುತಾರ್, ನಾವು ನೋಡಲಿರುವ ಚಿತ್ರದ ಛಾಯಾಗ್ರಾಹಕ.

ಫ್ರೆಂಚ್ ಹೊಸ ಅಲೆಯ ಬಗ್ಗೆ ಒಂದಿಷ್ಟು ಓದಿದವರಿಗೆ ಗೊದಾರ್, ತ್ರುಫೊ, ಜಾಕ್ ದೆಮಿ ಎಂಬ ಹೆಸರುಗಳು ನಾಲಗೆಯ ತುದಿಯಲ್ಲೇ ಇರುತ್ತವೆ. ಗೊದಾರ್‌ನ ‘ಬ್ರೆತ್‌ಲೆಸ್’, ತ್ರುಫೊನ ‘ಶೂಟ್ ದ ಪಿಯಾನೊ ಪ್ಲೇಯರ್’ ಮತ್ತು ‘ಜೂಲ್ ಎ ಜಿಮ್’, ದೆಮಿಯ ‘ಲೋಲಾ’ ಎಲ್ಲವೂ 1960ರಿಂದ 1962ರ ನಡುವೆ ಬಂದವು. ನಾಲ್ಕಕ್ಕೂ ಕ್ಯಾಮೆರಾ ಹಿಡಿದವನು ಒಬ್ಬನೇ. ಇಷ್ಟು ಸಂಗತಿ ಪಠ್ಯಪುಸ್ತಕಗಳಲ್ಲಿ ಸಿಗುತ್ತದೆ. ಈ ಕುತಾರ್ ಮುಂದೆ ತಾನೇ ನಿರ್ದೇಶಕನಾಗಿ ಮೂರು ಚಿತ್ರ ಮಾಡಿದ, ಮೊದಲನೆಯದು ಕಾನ್‌ನಲ್ಲಿ ಪ್ರಶಸ್ತಿ ಪಡೆದು ಆಸ್ಕರ್ ನಾಮನಿರ್ದೇಶನದವರೆಗೂ ಹೋಯಿತು ಎನ್ನುವುದು ಮಾತ್ರ ಸಿನಿಮಾ ಹುಚ್ಚಿನವರ ನಡುವೆಯೂ ಅಷ್ಟಾಗಿ ಮಾತಿಗೆ ಬರುವುದಿಲ್ಲ. ನನ್ನ ಕುತೂಹಲವೆಲ್ಲ ಆ ಮೂರು ಚಿತ್ರಗಳ ಬಗ್ಗೆಯೇ. ಹೊಸ ಅಲೆಗೆ ಕಣ್ಣು ಕೊಟ್ಟವನು ತನ್ನ ಸರದಿ ಬಂದಾಗ ಆ ದಾರಿಯಲ್ಲಿ ಒಂದು ಹೆಜ್ಜೆಯನ್ನೂ ಇಡಲಿಲ್ಲ. ಪ್ಯಾರಿಸ್ಸಿನ ಕೆಫೆಗಳನ್ನೂ, ಸಿಗರೇಟು ಸೇದುತ್ತಾ ಒಗಟಿನಂತೆ ಮಾತಾಡುವ ಪ್ರೇಮಿಗಳನ್ನೂ ಬಿಟ್ಟು ಸೀದಾ ಸೈಗಾನ್‌ಗೆ ಹೋದ. ಯಾಕೆ ಹೋದ ಎಂದು ತಿಳಿಯಬೇಕಾದರೆ ಅವನು ಸಿನಿಮಾಕ್ಕೆ ಬರುವ ಮುಂಚಿನ ಬದುಕಿಗೆ ಹೋಗಬೇಕು.

ಕುತಾರ್ ಹುಟ್ಟಿದ್ದು ಪ್ಯಾರಿಸ್ಸಿನಲ್ಲಿ, 1924ರ ಸೆಪ್ಟೆಂಬರ್ 16ರಂದು. ಓದಬೇಕೆಂದಿದ್ದದ್ದು ರಸಾಯನಶಾಸ್ತ್ರ. ಅದಕ್ಕೆ ತಗಲುವ ಖರ್ಚು ಭರಿಸಲಾಗದೆ ಫೋಟೊಗ್ರಫಿಯ ಕೆಲಸ ಕಲಿತ. ಫಿಲ್ಮ್ ತೊಳೆಯುವ ಕತ್ತಲೆ ಕೋಣೆಯೂ ಒಂದು ಬಗೆಯ ರಸಾಯನಶಾಲೆಯೇ ತಾನೆ; ಈ ವಿದ್ಯೆ ಮುಂದೆ ಹೇಗೆ ಉಪಯೋಗಕ್ಕೆ ಬಂತೆಂದು ನೋಡಲಿದ್ದೇವೆ. ಎರಡನೆಯ ಮಹಾಯುದ್ಧ ಮುಗಿಯುವ ಹೊತ್ತಿಗೆ ಸೈನ್ಯದ ಜೊತೆ ಇಂಡೋಚೀನಾಕ್ಕೆ ಹೋದವನು ಹತ್ತಿರ ಹತ್ತಿರ ಹನ್ನೊಂದು ವರ್ಷ ಅಲ್ಲೇ ಉಳಿದ. ಅವು ಫ್ರಾನ್ಸ್ ತನ್ನ ವಸಾಹತನ್ನು ಉಳಿಸಿಕೊಳ್ಳಲು ಹೆಣಗಿ, 1954ರಲ್ಲಿ ದಿಯನ್ ಬಿಯನ್ ಫುವಿನಲ್ಲಿ ಸೋತು, ಗಂಟು ಮೂಟೆ ಕಟ್ಟಿದ ವರ್ಷಗಳು. ಕುತಾರ್ ಸೈನ್ಯದ ಮಾಹಿತಿ ವಿಭಾಗಕ್ಕೆ ಫೋಟೊ ತೆಗೆದ. ‘ಪಾರಿ ಮ್ಯಾಚ್’, ‘ಲುಕ್’ ತರಹದ ಸಚಿತ್ರ ಪತ್ರಿಕೆಗಳಿಗೂ ತೆಗೆದ. ಮರೆತುಬಿಡಬಾರದ ಮಾತೆಂದರೆ ಈ ಹನ್ನೊಂದು ವರ್ಷಗಳಲ್ಲಿ ಅವನು ಸಿನಿಮಾ ಕ್ಯಾಮೆರಾ ಮುಟ್ಟಿರಲೇ ಇಲ್ಲ.

ಅಲ್ಲಿ ಸಿಕ್ಕ ಗೆಳೆಯ ಪಿಯರ್ ಷೋಂಡರ್ಫರ್. ಈತ ಸೈನ್ಯದ ಸಿನಿಮಾ ದಳದ ಕ್ಯಾಮೆರಾಮನ್. ದಿಯನ್ ಬಿಯನ್ ಫು ಮುತ್ತಿಗೆಯನ್ನು ಒಳಗಿದ್ದೇ ಚಿತ್ರಿಸಿ, ಕೋಟೆ ಬಿದ್ದಾಗ ವಿಯೆಟ್‌ಮಿನ್ ಸೈನ್ಯಕ್ಕೆ ಸೆರೆ ಸಿಕ್ಕಿ, ತಿಂಗಳುಗಟ್ಟಲೆ ಕೈದಿಯಾಗಿದ್ದು ಬಿಡುಗಡೆಯಾದವನು. ಯುದ್ಧ ಮುಗಿದ ಮೇಲೆ ಷೋಂಡರ್ಫರ್‌ಗೆ ಒಂದು ಅವಕಾಶ ಬಂತು. ಕಾದಂಬರಿಕಾರ ಜೋಸೆಫ್ ಕೆಸೆಲ್ ಬರೆದ ಕತೆಯನ್ನು ಅಫ್ಘಾನಿಸ್ತಾನದಲ್ಲಿ ಚಿತ್ರೀಕರಿಸಬೇಕು. ನಿರ್ಮಾಪಕ ಜಾರ್ಜ್ ದ ಬೊರೆಗಾರ್. ಷೋಂಡರ್ಫರ್ ಕುತಾರ್‌ನನ್ನು ಕರೆದ. ಸ್ಟಿಲ್ ಫೋಟೊ ತೆಗೆಯುವುದಕ್ಕೆ ಕರೆಯುತ್ತಿದ್ದಾನೆ ಎಂದುಕೊಂಡೇ ಕುತಾರ್ ಹೂಂ ಎಂದನಂತೆ. ಹೋಗಿ ನೋಡಿದರೆ ಕೈಗೆ ಬಂದದ್ದು ಸಿನಿಮಾ ಕ್ಯಾಮೆರಾ. ಹೀಗೆ 1956ರಲ್ಲಿ ‘ಲ ಪಾಸ್ ದ್ಯು ದಿಯಾಬ್ಲ್’ ಚಿತ್ರೀಕರಣದಲ್ಲಿ ಅವನ ಹೊಸ ವೃತ್ತಿ ಶುರುವಾಯಿತು, ಮೂವತ್ತೆರಡರ ಆಸುಪಾಸಿನಲ್ಲಿ, ಯಾವ ಗುರುವಿನ ಕೈಕೆಳಗೂ ದುಡಿಯದೆ. ಸ್ಟುಡಿಯೋದಲ್ಲಿ ವರ್ಷಾನುಗಟ್ಟಲೆ ಸಹಾಯಕನಾಗಿ ಸವೆದವರಿಗೆ ಅಂಟಿಕೊಳ್ಳುವ ‘ಇದು ಹೀಗೇ ಆಗಬೇಕು’ ಎಂಬ ಹಟ ಅವನಿಗೆ ಅಂಟಲಿಲ್ಲ. ನಂತರ ಅದೇ ಗೆಳೆಯ, ಅದೇ ನಿರ್ಮಾಪಕರ ಜೊತೆ ಪಿಯರ್ ಲೊತಿಯ ಕಾದಂಬರಿಗಳನ್ನು ಆಧರಿಸಿದ ಎರಡು ಚಿತ್ರಗಳಾದವು. ಅವುಗಳ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ.

ಬೊರೆಗಾರ್‌ನ ಹತ್ತಿರ 1959ರಲ್ಲಿ ಇನ್ನೊಬ್ಬ ಹೊಸಬ ಬಂದ. ಸಿನಿಮಾ ವಿಮರ್ಶೆ ಬರೆದುಕೊಂಡಿದ್ದ, ಕಪ್ಪು ಕನ್ನಡಕದ, ಮಾತು ಕಡಿಮೆಯ ಗೊದಾರ್. ‘ಬ್ರೆತ್‌ಲೆಸ್’ ಚಿತ್ರಕ್ಕೆ ಕುತಾರ್‌ನೇ ಇರಲಿ ಎಂದು ಪಟ್ಟು ಹಿಡಿದವನು ನಿರ್ಮಾಪಕ. ಗೊದಾರ್ ಆರಿಸಿಕೊಂಡ ಹೆಸರು ಅದಾಗಿರಲಿಲ್ಲ. ಸಿನಿಮಾ ಚರಿತ್ರೆಯ ಅತಿ ಹೆಸರುವಾಸಿ ಜೋಡಿಗಳಲ್ಲೊಂದು ಹೀಗೆ ಒಲ್ಲದ ಮದುವೆಯಂತೆ ಕೂಡಿಬಂತು.

ಆ ಚಿತ್ರೀಕರಣದ ಕತೆಗಳನ್ನು ಎಷ್ಟು ಸಲ ಹೇಳಿದರೂ ಸವೆಯುವುದಿಲ್ಲ. ಹಳಿ, ಟ್ರಾಲಿಗಳಿಗೆ ದುಡ್ಡಿಲ್ಲ, ಸಮಯವೂ ಇಲ್ಲ. ಕುತಾರ್ ಗಾಲಿಕುರ್ಚಿಯಲ್ಲಿ ಕ್ಯಾಮೆರಾ ಹಿಡಿದು ಕೂತ, ಗೊದಾರ್ ತಳ್ಳಿದ. ಶಾಂಜೆಲಿಜೆ ಬೀದಿಯಲ್ಲಿ ಜೀನ್ ಸೀಬರ್ಗ್ ಮತ್ತು ಬೆಲ್ಮಾಂಡೊ ಮಾತಾಡುತ್ತಾ ನಡೆಯುವ ದೃಶ್ಯಕ್ಕೆ ಅಂಚೆ ಇಲಾಖೆಯ ತಳ್ಳುಗಾಡಿಯೊಂದನ್ನು ತಂದು, ಅದಕ್ಕೊಂದು ಕಂಡಿ ಕೊರೆದು, ಕುತಾರ್‌ನನ್ನು ಒಳಗೆ ಮುದುರಿಸಿ ಕೂರಿಸಿದರು. ಜನಕ್ಕೆ ಗೊತ್ತಾಗಲಿಲ್ಲ. ಕ್ಯಾಮೆರಾ ಎಕ್ಲೇರ್ ಕಂಪನಿಯ ಕ್ಯಾಮೆಫ್ಲೆಕ್ಸ್. ಹಗುರ, ಹೆಗಲ ಮೇಲಿಟ್ಟುಕೊಳ್ಳಬಹುದು, ಆದರೆ ಕಿವಿಗಡಚಿಕ್ಕುವ ಸದ್ದು. ಹಾಗಾಗಿ ಸ್ಥಳದಲ್ಲಿ ಧ್ವನಿ ಹಿಡಿಯುವ ಗೋಜಿಗೇ ಹೋಗದೆ ಇಡೀ ಚಿತ್ರಕ್ಕೆ ಆಮೇಲೆ ಡಬ್ಬಿಂಗ್ ಮಾಡಿದರು.

ಇವೆಲ್ಲಕ್ಕಿಂತ ನನಗೆ ಸ್ವಾರಸ್ಯ ಎನಿಸುವುದು ಫಿಲ್ಮಿನ ಕತೆ. ರಾತ್ರಿಯ ಪ್ಯಾರಿಸ್ಸನ್ನು ಬೀದಿದೀಪದಲ್ಲೇ ಚಿತ್ರಿಸಬೇಕು ಎಂದು ಗೊದಾರ್ ಹೇಳಿದ. ಆಗ ಸಿಗುತ್ತಿದ್ದ ಸಿನಿಮಾ ಫಿಲ್ಮಿಗೆ ಅಷ್ಟು ಸೂಕ್ಷ್ಮತೆ ಇರಲಿಲ್ಲ. ಇಲ್ಫರ್ಡ್ ಕಂಪನಿಯ ಎಚ್‌ಪಿಎಸ್ ಎಂಬ ಫಿಲ್ಮಿಗೆ ಇತ್ತು, ಆದರೆ ಅದು ಸ್ಟಿಲ್ ಕ್ಯಾಮೆರಾಕ್ಕೆಂದು ಮಾಡಿದ್ದು, 17.5 ಮೀಟರಿನ ಚಿಕ್ಕ ಸುರುಳಿಗಳಲ್ಲಿ ಮಾರುತ್ತಿದ್ದದ್ದು. ಕುತಾರ್ ಆ ತುಂಡುಗಳನ್ನೇ ಒಂದಕ್ಕೊಂದು ಅಂಟಿಸಿ ಸಿನಿಮಾ ಕ್ಯಾಮೆರಾಕ್ಕೆ ತುಂಬಿದ. ಅದರ ಅಂಚಿನ ತೂತುಗಳು ದೊಡ್ಡ ಮಿಚೆಲ್ ಕ್ಯಾಮೆರಾಕ್ಕೆ ಹೊಂದುತ್ತಿರಲಿಲ್ಲ, ಪುಣ್ಯಕ್ಕೆ ಕ್ಯಾಮೆಫ್ಲೆಕ್ಸ್‌ಗೆ ಹೊಂದಿದವು. ಆಮೇಲೆ ಲ್ಯಾಬಿನವರನ್ನು ಒಲಿಸಿ, ಬೇರೆ ದ್ರಾವಣದಲ್ಲಿ ಹೆಚ್ಚು ಹೊತ್ತು ತೊಳೆಸಿ, ಫಿಲ್ಮಿನ ವೇಗವನ್ನು ದುಪ್ಪಟ್ಟು ಮಾಡಿಸಿದ. ಮಾಮೂಲಿ ಸ್ಟುಡಿಯೋ ಛಾಯಾಗ್ರಾಹಕ ಇದಕ್ಕೆ ಒಪ್ಪುತ್ತಿರಲಿಲ್ಲ, ಒಪ್ಪಿದ್ದರೂ ಹೊಳೆಯುತ್ತಿರಲಿಲ್ಲ. ಸ್ಟಿಲ್ ಫಿಲ್ಮಿನ ಜಾತಕ ಗೊತ್ತಿದ್ದ, ಕತ್ತಲೆ ಕೋಣೆಯಲ್ಲಿ ಕೈ ಒದ್ದೆ ಮಾಡಿಕೊಂಡಿದ್ದ ಪತ್ರಿಕಾ ಛಾಯಾಗ್ರಾಹಕನಿಗೆ ಮಾತ್ರ ಹೊಳೆಯುವ ಉಪಾಯ ಅದು.

ಒಳಾಂಗಣಕ್ಕೂ ಅವನದೇ ದಾರಿ. ಆ ಕಾಲದ ಸ್ಟುಡಿಯೋ ಪದ್ಧತಿಯಲ್ಲಿ ಪ್ರತಿ ನಟನಿಗೂ ಇಂತಲ್ಲಿ ನಿಲ್ಲಬೇಕೆಂದು ನೆಲದ ಮೇಲೆ ಗುರುತು, ಆ ಗುರುತಿಗೆ ತಕ್ಕಂತೆ ಮೇಲಿನಿಂದ, ಪಕ್ಕದಿಂದ ದೀಪಗಳು. ನಟ ಎರಡು ಹೆಜ್ಜೆ ಆಚೆ ಹೋದರೆ ಮುಖ ಕಪ್ಪಾಗುತ್ತದೆ. ಕುತಾರ್ ಬಲ್ಬುಗಳನ್ನು ಗೋಡೆಯ ಮೇಲ್ತುದಿಗೆ ಸಾಲಾಗಿ ಕಟ್ಟಿ, ಬೆಳಕನ್ನು ಸೀಲಿಂಗಿಗೆ ಹೊಡೆದು, ಅಲ್ಲಿಂದ ಮೆತ್ತಗೆ ಕೋಣೆಯ ತುಂಬ ಇಳಿಯುವಂತೆ ಮಾಡಿದ. ಎಲ್ಲಿ ನಿಂತರೂ ಬೆಳಕಿದೆ. ನಟರು ಹೇಗೆ ಬೇಕಾದರೂ ಓಡಾಡಬಹುದು, ಕ್ಯಾಮೆರಾ ಹೇಗೆ ಬೇಕಾದರೂ ಸುತ್ತಬಹುದು. ನಮ್ಮ ಸುಬ್ರತ ಮಿತ್ರ ಇದಕ್ಕೂ ಮೊದಲೇ, ಸತ್ಯಜಿತ್ ರಾಯ್ ಅವರ ‘ಅಪರಾಜಿತೊ’ (1956) ಚಿತ್ರದ ಕಾಶಿಯ ಮನೆಯ ಅಂಗಳಕ್ಕಾಗಿ ಬಿಳಿ ಬಟ್ಟೆ ಕಟ್ಟಿ ಬೆಳಕನ್ನು ಪುಟಿಸಿದ್ದರು. ಫ್ರೆಂಚರ ಬಗ್ಗೆ ಬರೆಯುವಾಗ ಈ ಮಾತು ಬಿಟ್ಟುಹೋಗುವುದು ವಾಡಿಕೆ, ಅದಕ್ಕೇ ಹೇಳಿದೆ.

ಮುಂದಿನ ಏಳೆಂಟು ವರ್ಷ ಕುತಾರ್ ದುಡಿದದ್ದನ್ನು ಪಟ್ಟಿ ಮಾಡಿದರೆ ಕಾಲಂ ತುಂಬಿಹೋಗುತ್ತದೆ. 1960ರಿಂದ 1967ರವರೆಗೆ ಗೊದಾರ್ ಮಾಡಿದ ಪೂರ್ಣಾವಧಿ ಚಿತ್ರಗಳಲ್ಲಿ ‘ಮಾಸ್ಕುಲಾಂ ಫೆಮಿನಾಂ’ ಒಂದನ್ನು ಬಿಟ್ಟು ಉಳಿದೆಲ್ಲವೂ ಅವನವೇ. ಕುತಾರ್‌ಗೆ ಇಂಥದ್ದೇ ಎಂಬ ಶೈಲಿ ಇರಲಿಲ್ಲ ಎನ್ನುವುದು ಈ ಚಿತ್ರಗಳನ್ನು ಒಟ್ಟಿಗೆ ನೋಡಿದರೆ ಗೊತ್ತಾಗುತ್ತದೆ. ‘ಲೋಲಾ’ದಲ್ಲಿ ನಾಂತ್ ಪಟ್ಟಣದ ಬಿಸಿಲು ಕಿಟಕಿಯಿಂದ ಉಕ್ಕಿ ಬಂದು ಮನುಷ್ಯರ ಅಂಚುಗಳನ್ನೇ ಕರಗಿಸುತ್ತದೆ. ‘ಲೆ ಕಾರಾಬಿನ್ಯೆ’ಯಲ್ಲಿ ಬೂದಿಬಣ್ಣದ ಯುದ್ಧ, ಹಳೆಯ ನ್ಯೂಸ್‌ರೀಲಿನಷ್ಟು ಒರಟು. ಕಾಪ್ರಿ ದ್ವೀಪದಲ್ಲಿ ತೆಗೆದ ‘ಲ ಮೆಪ್ರಿ’ಯ ಕೊನೆಯ ಭಾಗದಲ್ಲಿ ಬಂಡೆ, ಆಕಾಶ, ಸಮುದ್ರ, ನೀಲಿಯೆಂದರೆ ನೀಲಿ. ‘ಆಲ್ಫಾವಿಲ್’ (1965) ಭವಿಷ್ಯದ ನಗರದ ಕತೆ. ಒಂದೇ ಒಂದು ಸೆಟ್ ಹಾಕದೆ, 1965ರ ಪ್ಯಾರಿಸ್ಸಿನ ಹೊಸ ಗಾಜಿನ ಕಟ್ಟಡಗಳನ್ನೇ ರಾತ್ರಿ ಹೊತ್ತು ಚಿತ್ರಿಸಿ ಆ ಲೋಕವನ್ನು ಕಟ್ಟಿದರು. ಅದಕ್ಕೆ ಬರ್ಲಿನ್‌ನ ಚಿನ್ನದ ಕರಡಿಯೂ ಬಂತು. ‘ವೀಕೆಂಡ್’ನಲ್ಲಿ ಹಳ್ಳಿಯ ರಸ್ತೆಯಲ್ಲಿ ಸಿಕ್ಕಿಹಾಕಿಕೊಂಡ ಕಾರುಗಳ ಪಕ್ಕದಲ್ಲಿ ಕ್ಯಾಮೆರಾ ಸುಮಾರು 300 ಮೀಟರ್ ಒಂದೇ ಗತಿಯಲ್ಲಿ ತೆವಳುತ್ತದೆ.

ಇವು ಒಬ್ಬನದೇ ಕೆಲಸ ಎಂದು ಹೆಸರು ತೆಗೆದರೆ ಯಾರೂ ಹೇಳಲಾರರು. ಇವನ್ನೆಲ್ಲ ಒಂದುಗೂಡಿಸುವುದು ಶೈಲಿಗಿಂತ ಮನೋಭಾವ. ಯುದ್ಧದ ಫೋಟೊಗ್ರಾಫರ್ ಬೆಳಕು ಸರಿಯಿಲ್ಲ ಎಂದು ಕಾಯುತ್ತಾ ಕೂರಲಾಗದು. ಇರುವ ಬೆಳಕಿನಲ್ಲಿ, ಇರುವ ಜಾಗದಿಂದ, ಇನ್ನೊಂದು ಕ್ಷಣದಲ್ಲಿ ಮುಗಿದುಹೋಗುವುದನ್ನು ಹಿಡಿಯಬೇಕು. ಗೊದಾರ್ ಬೆಳಿಗ್ಗೆ ಎದ್ದು ಕೆಫೆಯಲ್ಲಿ ಕೂತು ಸಂಭಾಷಣೆ ಬರೆದುಕೊಂಡು ಬರುತ್ತಿದ್ದ. ಇವತ್ತು ಏನು ಚಿತ್ರೀಕರಣ ಎಂಬುದು ಮುಂಚೆ ಯಾರಿಗೂ ಗೊತ್ತಿರುತ್ತಿರಲಿಲ್ಲ. ಸ್ಟುಡಿಯೋದಲ್ಲಿ ಪಳಗಿದವರಿಗೆ ಅದು ಅವ್ಯವಸ್ಥೆ. ಹನ್ನೊಂದು ವರ್ಷ ಇಂಡೋಚೀನಾದಲ್ಲಿ ಇದ್ದವನಿಗೆ ಮಾಮೂಲಿ ದಿನ.

ಗೊದಾರ್ ಕೇಳುತ್ತಿದ್ದದ್ದು ಯಾವಾಗಲೂ ಆಗದ ಕೆಲಸವನ್ನೇ ಎಂಬುದನ್ನೂ ಇಲ್ಲಿ ಗಮನಿಸಬೇಕು. 1965ರಲ್ಲಿ ಕುತಾರ್ ಬರೆದ ಒಂದು ಲೇಖನದಲ್ಲಿ ಈ ಗೊಣಗಾಟ ತಮಾಷೆಯಾಗಿ ಬಂದಿದೆ. ‘ಯುನ್ ಫಾಮ್ ಎ ಯುನ್ ಫಾಮ್’ ಚಿತ್ರಕ್ಕೆ ಮೊದಲ ಸಲ ಸ್ಟುಡಿಯೋ ಸಿಕ್ಕಿತು, ಬಣ್ಣವೂ ಸಿಕ್ಕಿತು. ಇನ್ನಾದರೂ ಆರಾಮ ಎಂದುಕೊಂಡರೆ ಗೊದಾರ್ ಸೆಟ್ಟಿಗೆ ಸೀಲಿಂಗ್ ಹಾಕಿಸಿದ, ಗೋಡೆಗಳನ್ನು ಕಳಚಲಾಗದಂತೆ ಕಟ್ಟಿಸಿದ. ಸ್ಟುಡಿಯೋದ ಸುಖವೆಲ್ಲ ಇರುವುದೇ ಗೋಡೆ ತೆಗೆದು ದೀಪ ಇಡುವುದರಲ್ಲಿ! ಕುತಾರ್ ಬೈದುಕೊಂಡ, ಆಮೇಲೆ ದಾರಿ ಹುಡುಕಿದ. ಈ ಜಗಳ ಅವನಿಗೆ ಬೇಕಿತ್ತು ಎಂದು ನನ್ನ ಊಹೆ. ಮುಂದಿನ ಕತೆಗೆ ಈ ಊಹೆಯೇ ಆಧಾರ.

ಸೈಗಾನ್‌ನ ಹುಡುಗ

ಈ ಎಲ್ಲ ವರ್ಷಗಳಲ್ಲಿ ಇಂಡೋಚೀನಾ ಕುತಾರ್‌ನನ್ನು ಬಿಟ್ಟಿರಲಿಲ್ಲ. ಹೊಸ ಅಲೆಯ ಭರಾಟೆಯ ನಡುವೆಯೇ ಷೋಂಡರ್ಫರ್‌ನ ‘ಲಾ 317ನೆಯ ಸೆಕ್ಸಿಯೋಂ’ (1965) ಚಿತ್ರಕ್ಕಾಗಿ ಕಾಂಬೋಡಿಯಾದ ಕಾಡಿಗೆ ಹೋಗಿಬಂದ. ದಿಯನ್ ಬಿಯನ್ ಫು ಬೀಳುವ ದಿನಗಳಲ್ಲಿ ಹಿಂದಕ್ಕೆ ಸರಿಯುವ ಒಂದು ಸಣ್ಣ ತುಕಡಿಯ ಕತೆ. ಮಳೆ, ಕೆಸರು, ಗಾಯ, ಜ್ವರ. ಜಾಕ್ ಪೆರಾಂ ಎಳೆಯ ಲೆಫ್ಟಿನೆಂಟ್, ಬ್ರೂನೊ ಕ್ರೆಮೆರ್ ಯುದ್ಧ ಉಂಡು ಬೆಳೆದ ಸೈನಿಕ. ಕ್ಯಾಮೆರಾ ಆ ತುಕಡಿಯ ಇನ್ನೊಬ್ಬ ಸಿಪಾಯಿಯಂತೆ ಅವರ ಜೊತೆಗೇ ನಡೆಯುತ್ತದೆ, ಅವರಿಗಿಂತ ಹೆಚ್ಚು ಏನನ್ನೂ ನೋಡುವುದಿಲ್ಲ. ಯುದ್ಧದ ಚಿತ್ರಗಳಲ್ಲಿ ಇಷ್ಟು ಮಿತಭಾಷೆಯದು ಇನ್ನೊಂದನ್ನು ನೆನಪಿಸಿಕೊಳ್ಳುವುದು ಕಷ್ಟ. ಕಾನ್‌ನಲ್ಲಿ ಅದರ ಚಿತ್ರಕಥೆಗೆ ಪ್ರಶಸ್ತಿ ಬಂತು.

1967ರಲ್ಲಿ ‘ವೀಕೆಂಡ್’ ಮುಗಿಸಿದ ಗೊದಾರ್ ಹಳೆಯ ತಂಡವನ್ನು, ಹಳೆಯ ರೀತಿಯ ಸಿನಿಮಾವನ್ನು ಎರಡನ್ನೂ ಬಿಟ್ಟು ಹೊರಟುಹೋದ. ‘ಲಾ ಮರಿಯೆ ಎತೆ ಅಂ ನ್ವಾರ್’ (1968) ಸೆಟ್ಟಿನಲ್ಲಿ ಕುತಾರ್‌ಗೆ ತ್ರುಫೊ ಜೊತೆ ಜಗಳವಾಗಿ ಆ ಸಂಬಂಧವೂ ಮುರಿಯಿತು; ಇಬ್ಬರೂ ಮತ್ತೆ ಒಟ್ಟಿಗೆ ಕೆಲಸ ಮಾಡಲಿಲ್ಲ. ಅವನೇ ಕ್ಯಾಮೆರಾ ಹಿಡಿದ ಕೊಸ್ಟಾ ಗಾವ್ರಸ್‌ನ ‘ಝಡ್’ (1969) ಬಂದು ಜಗತ್ತೆಲ್ಲ ಸುತ್ತಿ, ವಿದೇಶಿ ಭಾಷೆಯ ಅತ್ಯುತ್ತಮ ಚಿತ್ರವೆಂದು ಆಸ್ಕರ್ ಗೆದ್ದಿತು. ಕುತಾರ್‌ಗೆ ನಲವತ್ತೈದು ವಯಸ್ಸು. ಬೇಡಿಕೆಯ ತುತ್ತತುದಿಯಲ್ಲಿದ್ದಾಗ ಅವನು ತನ್ನದೇ ಚಿತ್ರ ಮಾಡಲು ಹೊರಟ.

‘ಹ್ವಾ ಬಿನ್’ ಅದರ ಹೆಸರು; ವಿಯೆಟ್ನಾಮಿ ಭಾಷೆಯಲ್ಲಿ ಶಾಂತಿ. ಆಧಾರ ಫ್ರಾಂಸ್ವಾಜ್ ಲೊರೆನ್ ಎಂಬ ಲೇಖಕಿಯ ಕಾದಂಬರಿ. ಕತೆ ಚಿಕ್ಕದು. ಅಪ್ಪ ಗೆರಿಲ್ಲಾಗಳನ್ನು ಸೇರಲು ಹೋಗಿದ್ದಾನೆ. ಅಮ್ಮ ಕ್ಯಾನ್ಸರಿನಿಂದ ಸಾಯುತ್ತಾಳೆ. ಹತ್ತು ಹನ್ನೊಂದರ ಹುಡುಗ ಹುಂಗ್‌ನ ಕೈಯಲ್ಲಿ ಕೂಸುತಂಗಿ ಉಳಿಯುತ್ತಾಳೆ. ಯುದ್ಧದ ನಗರದಲ್ಲಿ ಸಿಕ್ಕ ಕೆಲಸ ಮಾಡುತ್ತಾ ಅವನು ಅವಳನ್ನು ಸಾಕಬೇಕು. ಹುಂಗ್ ಆಗಿ ಫಿ ಲಾನ್ ಎಂಬ ಹುಡುಗ, ಫ್ರೆಂಚ್ ದಾದಿಯ ಪಾತ್ರದಲ್ಲಿ ಹೆಸರಾಂತ ನಟಿ ದಾನಿಯೆಲ್ ದೆಲೊರ್ಮ್. ಚಿತ್ರೀಕರಣ ನಡೆದದ್ದು ಯುದ್ಧ ಇನ್ನೂ ಉರಿಯುತ್ತಿದ್ದ ದಕ್ಷಿಣ ವಿಯೆಟ್ನಾಂನಲ್ಲೇ.

ಆ ಕಾಲವನ್ನು ಸ್ವಲ್ಪ ನೆನಪಿಸಿಕೊಳ್ಳಬೇಕು. ಅಮೆರಿಕದಲ್ಲಿ ಜಾನ್ ವೇನ್‌ನ ‘ದ ಗ್ರೀನ್ ಬೆರೆಟ್ಸ್’ (1968) ಬಂದಿತ್ತು. ಯುದ್ಧದ ಪರವಾಗಿ ಡೋಲು ಬಾರಿಸಿದ ಚಿತ್ರ. ಫ್ರಾನ್ಸಿನಲ್ಲಿ ಗೊದಾರ್, ಕ್ರಿಸ್ ಮಾರ್ಕೆರ್, ಅಲೆನ್ ರೆನೆ ಮೊದಲಾದವರು ಸೇರಿ ‘ವಿಯೆಟ್ನಾಂನಿಂದ ದೂರ’ ಎಂಬ ಚಿತ್ರ (1967) ಮಾಡಿದ್ದರು. ಅದರಲ್ಲಿ ಗೊದಾರ್‌ನ ಭಾಗವೆಂದರೆ ತಾನು ವಿಯೆಟ್ನಾಂಗೆ ಹೋಗಲಾಗದೆ ಪ್ಯಾರಿಸ್ಸಿನಲ್ಲಿ ಕ್ಯಾಮೆರಾದ ಪಕ್ಕ ಕೂತು ಚಿಂತಿಸುವುದು. ಎಡ, ಬಲ ಎಲ್ಲರಿಗೂ ವಿಯೆಟ್ನಾಂ ಒಂದು ವಾದ. ಕುತಾರ್‌ಗೆ ಅದು ತಾನು ಯೌವನ ಕಳೆದ ಊರು. ಹಾಗಾಗಿ ಅವನ ಚಿತ್ರದಲ್ಲಿ ಯಾರು ಸರಿ ಎಂಬ ಪ್ರಶ್ನೆಗೆ ಉತ್ತರ ಹುಡುಕಿದವರಿಗೆ ನಿರಾಸೆಯಾಯಿತು. ಒಂದು ಮಗು ಇನ್ನೊಂದು ಮಗುವನ್ನು ಎತ್ತಿಕೊಂಡು ದಿನ ದೂಡುವುದನ್ನು ಅವನು ತೋರಿಸುತ್ತಾನೆ. ಸೈನಿಕರು ಹಿನ್ನೆಲೆಯಲ್ಲಿ ಓಡಾಡಿಕೊಂಡಿರುತ್ತಾರೆ, ಮಳೆಗಾಲದಲ್ಲಿ ಮೋಡ ಇರುವ ಹಾಗೆ.

ಮಕ್ಕಳನ್ನಿಟ್ಟುಕೊಂಡು ಯುದ್ಧದ ಕತೆ ಹೇಳುವಾಗ ಕಣ್ಣೀರಿನ ನಲ್ಲಿ ತಿರುಗಿಸುವುದು ಸುಲಭ, ‘ಹ್ವಾ ಬಿನ್’ ಅದರಿಂದ ಪೂರ್ತಿ ತಪ್ಪಿಸಿಕೊಂಡಿದೆ ಎಂದು ನಾನು ಹೇಳಲಾರೆ. ಅಮ್ಮನ ಕಾಯಿಲೆಯ ಭಾಗ ಮೆಲೊಡ್ರಾಮಾದ ಹೊಸ್ತಿಲಲ್ಲೇ ಇದೆ. ಆದರೆ ಹುಡುಗ ಬೀದಿಗೆ ಬಂದ ಮೇಲೆ ಚಿತ್ರಕ್ಕೆ ಉಸಿರು ಬರುತ್ತದೆ. ಸಂತೆ, ಸೈಕಲ್ಲು, ಮಿಲಿಟರಿ ಲಾರಿ, ಜನ. ಇಲ್ಲಿ ಕುತಾರ್‌ನಿಗೆ ‘ಆಗದ ಕೆಲಸ’ ಒಡ್ಡಲು ಗೊದಾರ್ ಬೇಕಿರಲಿಲ್ಲ, ಆ ನಗರವೇ ಸಾಕಾಗಿತ್ತು.

ಅವನು ಕ್ಯಾಮೆರಾವನ್ನು ತನ್ನ ಕೈಯಲ್ಲಿ ಇಟ್ಟುಕೊಳ್ಳಲೂ ಇಲ್ಲ. ‘ಹ್ವಾ ಬಿನ್’ನ ಛಾಯಾಗ್ರಾಹಕ ಜಾರ್ಜ್ ಲಿರೋಂ, ಕುತಾರ್‌ನ ಬಳಿ ವರ್ಷಗಟ್ಟಲೆ ಕ್ಯಾಮೆರಾ ಆಪರೇಟರ್ ಆಗಿದ್ದವನು. ಜಗತ್ತಿನ ಅತ್ಯುತ್ತಮ ಕಣ್ಣುಗಳಲ್ಲೊಂದು ತನಗಿದ್ದೂ ವ್ಯೂಫೈಂಡರ್ ಅನ್ನು ಇನ್ನೊಬ್ಬನಿಗೆ ಬಿಟ್ಟುಕೊಟ್ಟದ್ದು ವಿನಯವೋ ಜಾಣತನವೋ? ಜಾಣತನವೇ ಇರಬೇಕು. ಕ್ಯಾಮೆರಾದಲ್ಲಿ ಕಣ್ಣಿಟ್ಟವನಿಗೆ ಚೌಕಟ್ಟು ಕಾಣುತ್ತದೆ, ಹುಡುಗನ ಮುಖದಲ್ಲಿ ಸುಳ್ಳು ಬಂತೇ ಎನ್ನುವುದು ಕಾಣುವುದಿಲ್ಲ. ಸುಮಾರು ಎರಡು ದಶಕಗಳ ನಂತರ ಇನ್ನೊಬ್ಬ ದೊಡ್ಡ ಫ್ರೆಂಚ್ ಛಾಯಾಗ್ರಾಹಕ ಬ್ರೂನೊ ನ್ವಿತೆನ್ ‘ಕಮೀಯ್ ಕ್ಲೊದೆಲ್’ (1988) ನಿರ್ದೇಶಿಸಿದಾಗ ಇದನ್ನೇ ಮಾಡಿದ. ಛಾಯಾಗ್ರಹಣ ಪಿಯರ್ ಲೊಮ್‌ನದು. ಶಿಲ್ಪಿಯಾಗಿ ಇಸಾಬೆಲ್ ಅಜಾನಿ ನಟಿಸಿದ ಆ ಚಿತ್ರ ಅತ್ಯುತ್ತಮ ಚಿತ್ರವೂ ಸೇರಿ ಐದು ಸೆಸಾರ್ ಪ್ರಶಸ್ತಿ ಬಾಚಿಕೊಂಡಿತು. ಸೆಸಾರ್ ಎಂದರೆ ಫ್ರೆಂಚರ ಆಸ್ಕರ್. ಅಷ್ಟಾದರೂ ನ್ವಿತೆನ್ ಆಮೇಲೆ ಮಾಡಿದ್ದು ಬೆರಳೆಣಿಕೆಯಷ್ಟು ಚಿತ್ರ. ಛಾಯಾಗ್ರಾಹಕರು ನಿರ್ದೇಶನಕ್ಕೆ ಬಂದಾಗ ಒಂದು ಚಿತ್ರಕ್ಕಾಗುವಷ್ಟು ಹಸಿವು ಇರುತ್ತದೆ, ಎರಡನೆಯದಕ್ಕೆ ಉಳಿಯುವುದಿಲ್ಲ ಎಂದು ಅನಿಸುತ್ತದೆ.

1970ರ ಮೇ ತಿಂಗಳಲ್ಲಿ ಕಾನ್ ಚಿತ್ರೋತ್ಸವ ನಡೆಯುವಾಗ ಅಮೆರಿಕದ ಸೇನೆ ಕಾಂಬೋಡಿಯಾಕ್ಕೆ ನುಗ್ಗಿ ಕೆಲವೇ ದಿನಗಳಾಗಿದ್ದವು. ಆ ವರ್ಷ ಅಲ್ಲಿ ದೊಡ್ಡ ಬಹುಮಾನ ಹೋದದ್ದು ರಾಬರ್ಟ್ ಆಲ್ಟ್‌ಮನ್‌ನ ‘ಮ್ಯಾಶ್’ಗೆ. ಹೆಸರಿಗೆ ಕೊರಿಯಾ ಯುದ್ಧ, ನೋಡಿದವರಿಗೆಲ್ಲ ವಿಯೆಟ್ನಾಂ. ಅಮೆರಿಕನ್ನರು ಅಮೆರಿಕನ್ನರನ್ನೇ ಲೇವಡಿ ಮಾಡಿಕೊಂಡ ಹಾಸ್ಯ. ‘ಹ್ವಾ ಬಿನ್’ಗೆ ಚೊಚ್ಚಲ ಚಿತ್ರದ ಪ್ರಶಸ್ತಿ ಬಂತು. ಫ್ರಾನ್ಸಿನ ಜಾಂ ವಿಗೊ ಪ್ರಶಸ್ತಿಯೂ ಬಂತು. ಮುಂದೆ ವಿದೇಶಿ ಭಾಷಾ ವಿಭಾಗದಲ್ಲಿ ಆಸ್ಕರ್ ನಾಮನಿರ್ದೇಶನವಾಗಿ, ಇಟಲಿಯ ಎಲಿಯೊ ಪೆಟ್ರಿಯ ಚಿತ್ರದೆದುರು ಸೋತಿತು. ಒಂದೇ ಕಾನ್‌ನ ಈ ಎರಡು ಚಿತ್ರಗಳಲ್ಲಿ ವಿಯೆಟ್ನಾಮಿ ಮನುಷ್ಯರು ಕಾಣಿಸುವುದು ಕುತಾರ್‌ನ ಚಿತ್ರದಲ್ಲಿ ಮಾತ್ರ. ಚರಿತ್ರೆ ನೆನಪಿಟ್ಟುಕೊಂಡದ್ದು ‘ಮ್ಯಾಶ್’ ಅನ್ನು. ಅದಕ್ಕೆ ಆಲ್ಟ್‌ಮನ್‌ನ ಪ್ರತಿಭೆ ಒಂದು ಕಾರಣ ನಿಜ, ಅದೊಂದೇ ಅಲ್ಲ.

ಪ್ಯಾರಾಟ್ರೂಪರುಗಳು, ಗೂಢಚಾರರು

ಎರಡನೆಯ ಚಿತ್ರ ಬರಲು ಹತ್ತು ವರ್ಷ ಬೇಕಾಯಿತು. 1978ರ ಮೇ ತಿಂಗಳಲ್ಲಿ ಆಗಿನ ಜಯೀರ್ ದೇಶದ ಕೊಲ್ವೆಜಿ ಎಂಬ ಗಣಿ ಪಟ್ಟಣವನ್ನು ಕಟಾಂಗದ ಬಂಡುಕೋರರು ಹಿಡಿದುಕೊಂಡಾಗ, ಅಲ್ಲಿ ಸಿಕ್ಕಿಬಿದ್ದ ಯುರೋಪಿಯನ್ನರನ್ನು ಬಿಡಿಸಲು ಫ್ರೆಂಚ್ ವಿದೇಶಿ ದಳದ ಪ್ಯಾರಾಟ್ರೂಪರುಗಳು ಆಕಾಶದಿಂದ ಇಳಿದರು. ಅದನ್ನೇ ಕುತಾರ್ ‘ಲಾ ಲೆಜಿಯೋಂ ಸೋತ್ ಸುರ್ ಕೊಲ್ವೆಜಿ’ (1980) ಎಂದು ಚಿತ್ರ ಮಾಡಿದ. ‘317’ರ ಅದೇ ಬ್ರೂನೊ ಕ್ರೆಮೆರ್, ಅದೇ ಜಾಕ್ ಪೆರಾಂ ಹದಿನೈದು ವರ್ಷ ಹಿರಿಯರಾಗಿ ಇಲ್ಲಿದ್ದಾರೆ.

ಎಡಪಂಥದ ವಿಮರ್ಶಕರು ಈ ಚಿತ್ರವನ್ನು ಕ್ಷಮಿಸಲಿಲ್ಲ. ಅಲ್ಜೀರಿಯಾ ಯುದ್ಧದ ಕಾಲದ ಚಿತ್ರಹಿಂಸೆಯನ್ನು ತೋರಿಸಿದ್ದಕ್ಕೆ ಸರ್ಕಾರ 1963ರವರೆಗೂ ತಡೆಹಿಡಿದಿದ್ದ ‘ಲ ಪೆತಿ ಸೊಲ್ದಾ’ ಚಿತ್ರಕ್ಕೆ ಕ್ಯಾಮೆರಾ ಹಿಡಿದವನು ಈಗ ಪ್ಯಾರಾಟ್ರೂಪರುಗಳನ್ನು ಹಾಡಿಹೊಗಳುವುದೇ ಎಂದು ಅವರಿಗೆ ಅನಿಸಿದ್ದು ಸಹಜ. ಆದರೆ ಕುತಾರ್ ಬದಲಾಗಿರಲಿಲ್ಲ. ಗೊದಾರ್‌ನ ರಾಜಕೀಯ ಅವನ ರಾಜಕೀಯ ಯಾವತ್ತೂ ಆಗಿರಲಿಲ್ಲ. ಮಾವೋವಾದಿ ವಿದ್ಯಾರ್ಥಿಗಳ ‘ಲಾ ಶಿನ್ವಾಜ್’ (1967) ಚಿತ್ರವನ್ನು ಅವನು ಅಷ್ಟೇ ಕುಶಲತೆಯಿಂದ ಚಿತ್ರಿಸಿಕೊಟ್ಟಿದ್ದ, ನಂಬದೆಯೇ. ಕೂಲಿಗೆ ದುಡಿಯುವಾಗ ಯಾರ ಮಾತು, ಎಂಥ ಮಾತು ಎಂದು ಕೇಳುವ ಅಗತ್ಯ ಛಾಯಾಗ್ರಾಹಕನಿಗೆ ಇರುವುದಿಲ್ಲ. ನಿರ್ದೇಶಕನ ಕುರ್ಚಿಯಲ್ಲಿ ಆ ಸೌಕರ್ಯ ಇಲ್ಲ. ಸೈನಿಕರ ಮೇಲೆ ಅವನಿಗಿದ್ದ ಅಕ್ಕರೆ ಹೊಸದೇನಲ್ಲ, ಅದನ್ನು ಮುಚ್ಚಲು ಈಗ ಮುಂದೆ ಬೇರೆ ನಿರ್ದೇಶಕ ಇರಲಿಲ್ಲ ಅಷ್ಟೆ.

ನನ್ನ ತಕರಾರು ರಾಜಕೀಯದ್ದಲ್ಲ. ‘317’ರಲ್ಲಿ ಸೋಲುವ ಸೈನಿಕರಿದ್ದರು, ಕ್ಯಾಮೆರಾ ಅವರ ದಣಿವನ್ನು ನೋಡಿತ್ತು. ಕೊಲ್ವೆಜಿಯಲ್ಲಿ ಗೆಲ್ಲುವ ಸೈನಿಕರಿದ್ದಾರೆ, ಗೆಲ್ಲುತ್ತಾರೆ ಎಂದು ಎಲ್ಲರಿಗೂ ಗೊತ್ತು. ಪ್ಯಾರಾಚೂಟುಗಳು ಬಿಚ್ಚಿಕೊಳ್ಳುವ ದೃಶ್ಯ ಚೆನ್ನಾಗಿದೆ. ಆಫ್ರಿಕನ್ನರು ಮಾತ್ರ ‘ಹ್ವಾ ಬಿನ್’ನ ಹುಂಗ್‌ನಂತೆ ಒಬ್ಬೊಬ್ಬರಾಗಿ ನಮ್ಮ ಮುಂದೆ ಬರುವುದಿಲ್ಲ, ಗುಂಪಾಗಿಯೇ ಉಳಿಯುತ್ತಾರೆ. ತಾನು ಬಾಳದ ಊರನ್ನು ಚಿತ್ರಿಸಿದಾಗ ಕುತಾರ್‌ಗೂ ಎಲ್ಲರಿಗೆ ಆಗುವುದೇ ಆಯಿತು.

ಮೂರನೆಯದು ‘ಎಸ್‌ಎಎಸ್ ಆ ಸಾನ್ ಸಾಲ್ವಡೊರ್’ (1983). ಜೆರಾರ್ ದ ವಿಲಿಯೆ ಎಂಬಾತ ಫ್ರಾನ್ಸಿನ ರೈಲು ನಿಲ್ದಾಣದ ಪುಸ್ತಕದಂಗಡಿಗಳನ್ನು ತುಂಬಿಸಿದ್ದ ಪತ್ತೇದಾರಿ ಸರಣಿಯ ಒಂದು ಕತೆ. ಆಸ್ಟ್ರಿಯಾದ ರಾಜಕುಮಾರನೊಬ್ಬ ಸಿಐಎಗೆ ಕೆಲಸ ಮಾಡುತ್ತಾನೆ. ನಾಯಕ ಮೈಲ್ಸ್ ಒಕೀಫ್, ಅದಕ್ಕೆ ಎರಡು ವರ್ಷ ಮುಂಚೆ ಹಾಲಿವುಡ್ಡಿನಲ್ಲಿ ಟಾರ್ಜನ್ ಆಗಿದ್ದವನು. ಇಷ್ಟು ಹೇಳಿದರೆ ಸಾಕು. ಕುತಾರ್ ಮತ್ತೆ ನಿರ್ದೇಶಿಸಲಿಲ್ಲ.

ಇದೇ ವರ್ಷಗಳಲ್ಲಿ ಅವನು ಕ್ಯಾಮೆರಾ ಹಿಡಿದು ಏನು ಮಾಡುತ್ತಿದ್ದ ಎಂದು ಪಕ್ಕದಲ್ಲಿಟ್ಟು ನೋಡಿದಾಗ ನನ್ನ ಊಹೆ ಗಟ್ಟಿಯಾಗುತ್ತದೆ. 1977ರಲ್ಲಿ ಷೋಂಡರ್ಫರ್‌ನ ‘ಲ ಕ್ರಾಬ್ ತಂಬೂರ್’. ಹಳೆಯ ಇಂಡೋಚೀನಾದ ಅಧಿಕಾರಿಗಳ ನೆನಪುಗಳನ್ನು ಹೊತ್ತು ಒಂದು ನೌಕಾಪಡೆಯ ಹಡಗು ಉತ್ತರ ಅಟ್ಲಾಂಟಿಕ್‌ನ ಚಳಿಯಲ್ಲಿ ಸಾಗುತ್ತದೆ. ನಿಜವಾದ ಹಡಗು, ನಿಜವಾದ ಬಿರುಗಾಳಿ. ಅಲೆ ಮುಂಭಾಗಕ್ಕೆ ಬಡಿದು ಸಿಡಿಯುವಾಗ ಸೀಸದ ಬಣ್ಣದ ಬೆಳಕು. ಕುತಾರ್‌ಗೆ ಛಾಯಾಗ್ರಹಣದ ಸೆಸಾರ್ ಬಂದದ್ದು ಈ ಚಿತ್ರಕ್ಕೆ. ಆಮೇಲೆ ಗೊದಾರ್ ಹದಿನೈದು ವರ್ಷಗಳ ನಂತರ ಮತ್ತೆ ಕರೆದ. ‘ಪಾಸಿಯೋಂ’ (1982) ಚಿತ್ರದ ಕತೆಯನ್ನು ಕೇಳಿ: ಒಬ್ಬ ಸಿನಿಮಾ ನಿರ್ದೇಶಕ ರೆಂಬ್ರಾಂಟ್, ಗೋಯಾ, ದೆಲಾಕ್ರ್ವಾ ಇವರ ವರ್ಣಚಿತ್ರಗಳನ್ನು ಸ್ಟುಡಿಯೋದಲ್ಲಿ ಜೀವಂತ ಮನುಷ್ಯರನ್ನಿಟ್ಟು ಮರುಸೃಷ್ಟಿಸುತ್ತಿದ್ದಾನೆ, ಬೆಳಕು ಸರಿಬರುತ್ತಿಲ್ಲ ಎಂದು ಪ್ರತಿ ಸಲವೂ ನಿಲ್ಲಿಸುತ್ತಾನೆ. ನಿರ್ದೇಶಕ ಬೆಳಕಿನ ಬಗ್ಗೆ ತಲೆ ಕೆಡಿಸಿಕೊಳ್ಳುವ ಆ ಚಿತ್ರಕ್ಕೆ ಬೆಳಕು ಕೊಡಲು ಕುತಾರ್. ಕಾನ್‌ನಲ್ಲಿ ತಾಂತ್ರಿಕ ಶ್ರೇಷ್ಠತೆಯ ಪ್ರಶಸ್ತಿ ಅವನಿಗೆ ಬಂತು. ಮರುವರ್ಷದ ‘ಪ್ರೆನೊಂ ಕಾರ್ಮೆನ್’ಗೆ ವೆನಿಸ್‌ನಲ್ಲಿ ಚಿನ್ನದ ಸಿಂಹ. ಅಂದರೆ ಮೈಲ್ಸ್ ಒಕೀಫ್‌ನ ಗೂಢಚಾರಿಕೆ ಬಂದ ವರ್ಷವೇ ‘ಪ್ರೆನೊಂ ಕಾರ್ಮೆನ್’ ಕೂಡ ಬಂದಿದೆ! ಎರಡೂ ಒಬ್ಬನೇ ಮನುಷ್ಯನ ಕೆಲಸ. ಯಾರಾದರೂ ಎದುರು ನಿಂತು ಆಗದ್ದನ್ನು ಕೇಳಿದಾಗ ಅವನಲ್ಲಿ ಎದ್ದು ಬರುತ್ತಿದ್ದದ್ದು, ತನಗೆ ತಾನೇ ಯಜಮಾನನಾದಾಗ ಮಲಗಿಬಿಡುತ್ತಿತ್ತು. ‘ಹ್ವಾ ಬಿನ್’ ಒಂದು ಅಪವಾದ, ಅಲ್ಲಿ ಎದುರು ನಿಂತದ್ದು ಅವನ ನೆನಪು.

ಕೊನೆಯ ಘಟ್ಟದಲ್ಲಿ ಅವನು ಫಿಲಿಪ್ ಗರೆಲ್ ಎಂಬ, ಜನಪ್ರಿಯತೆಗೆ ಬೆನ್ನು ಹಾಕಿದ ನಿರ್ದೇಶಕನ ಜೊತೆ ದುಡಿದ. ‘ಸೊವಾಜ್ ಇನೊಸೊಂಸ್’ (2001) ಅವನ ಕೊನೆಯ ಚಿತ್ರ, ಕಪ್ಪು ಬಿಳುಪಿನದು. ಮಾದಕ ವಸ್ತುಗಳ ವಿರುದ್ಧ ಸಿನಿಮಾ ಮಾಡಹೊರಟ ಯುವ ನಿರ್ದೇಶಕ, ದುಡ್ಡಿಗಾಗಿ ಹೆರಾಯಿನ್ ಸಾಗಿಸಬೇಕಾಗಿ ಬರುವ ಕತೆ. 2007ರಲ್ಲಿ ಕುತಾರ್ ತನ್ನ ನೆನಪುಗಳ ಪುಸ್ತಕ ಹೊರತಂದ. ಚೀನಿ ಸೂಪು ಕುಡಿಯುತ್ತಾ ತಾನು ಸಿನಿಮಾಕ್ಕೆ ಹೇಗೆ ಬಂದೆ ಎಂಬುದು ಅದರ ಉಪಶೀರ್ಷಿಕೆ. ಗೊದಾರ್‌ನ ಹೆಸರು ರಕ್ಷಾಪುಟದ ಮೇಲೆ ದಪ್ಪಕ್ಷರದಲ್ಲಿ ಬಂದಿದ್ದರೆ ಪುಸ್ತಕ ಚೆನ್ನಾಗಿ ಮಾರಾಟವಾಗುತ್ತಿತ್ತು. ಅವನು ಸೂಪನ್ನು ಆರಿಸಿಕೊಂಡ. 2016ರ ನವೆಂಬರ್ 8ರಂದು, 92ನೆಯ ವಯಸ್ಸಿನಲ್ಲಿ, ಫ್ರಾನ್ಸಿನ ನೈಋತ್ಯ ಮೂಲೆಯ ಲಾಬೆನ್‌ನಲ್ಲಿ ತೀರಿಕೊಂಡ.

ಕುತಾರ್‌ನನ್ನು ಹೊಸದಾಗಿ ನೋಡಬೇಕೆನ್ನುವವರು ‘ಬ್ರೆತ್‌ಲೆಸ್’ನಿಂದ ಶುರುಮಾಡದಿರುವುದು ಒಳ್ಳೆಯದು. ಮೊದಲು ‘317’, ಅದರ ಬೆನ್ನಿಗೇ ‘ಹ್ವಾ ಬಿನ್’ ನೋಡಿ. ಒಂದು ಸೈನಿಕರದು, ಇನ್ನೊಂದು ಅದೇ ನೆಲದ ಮಕ್ಕಳದು. ಅವೆರಡನ್ನು ಮುಗಿಸಿಕೊಂಡು ‘ಬ್ರೆತ್‌ಲೆಸ್’ಗೆ ಬಂದರೆ, ಶಾಂಜೆಲಿಜೆಯ ಜನಜಂಗುಳಿಯಲ್ಲಿ ತಳ್ಳುಗಾಡಿಯೊಳಗೆ ಅಡಗಿ ಕೂತವನು ಅಲ್ಲಿ ಯಾವ ಕಸುಬು ಮಾಡುತ್ತಿದ್ದಾನೆ ಎಂಬುದು ಬೇರೆಯೇ ಆಗಿ ಕಾಣುತ್ತದೆ.